ಶಾಂಡನ್ ಗೋಪುರದ ಬಾಗಿಲಲ್ಲಿ

ಸಂಕ್ರಾಂತಿಯ ದಿನ ಐರ್ಲೆಂಡಿನ ಕನ್ನಡಿಗರೆಲ್ಲ ಆನ್‌ಲೈನಿನಲ್ಲೇ ಸೇರಿದ್ದರು. ಲಾಕ್‌ಡೌನ್ ಕಾಲ, ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ರಿಂಗಾಸ್ಕಿಡಿಯ ಔಷಧ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಸಂಪತ್‌ನ ಮನೆ ಕಾರ್ಕ್ ಪೇಟೆಯ ನಡುವೆಯೇ ಇತ್ತು. ಮೊಬೈಲ್ ಹಿಡಿದು ಊರು ಸುತ್ತಿ ಎಲ್ಲರಿಗೂ ನೇರವಾಗಿ ತೋರಿಸುತ್ತೇನೆಂದು ಅವನೇ ಒಪ್ಪಿಕೊಂಡಿದ್ದ. ಆದರೆ ಅಂದು ಜಿಟಿಜಿಟಿ ಮಳೆ. ಹೊರಗೆ ಹೋಗಲು ಸೋಮಾರಿತನವಾಯಿತು. ಎಂದೋ ತೆಗೆದಿಟ್ಟಿದ್ದ ವಿಡಿಯೊಗಳನ್ನು ಹಾಕಿ, ಈಗ ಯೂನಿವರ್ಸಿಟಿ ಅಂಗಳದಲ್ಲಿದ್ದೇನೆ, ಈಗ ಶಾಂಡನ್ ಚರ್ಚಿನ ಗೋಪುರದಲ್ಲಿ ಹಗ್ಗ ಎಳೆದು ಗಂಟೆ ಬಾರಿಸುತ್ತಿದ್ದೇನೆ ಎಂದು ಸೋಫಾದಲ್ಲಿ ಕೂತೇ ವಿವರಿಸಿದ. ಎಲ್ಲ ಮುಚ್ಚಿಲ್ಲವೇ ಎಂದು ಯಾರೋ ಕೇಳಿದಾಗ, ಕಾರ್ಕಿನಲ್ಲಿ ಅಷ್ಟು ಬಿಗಿ ಇಲ್ಲ ಎಂದುಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮುಂದಿನ ಶನಿವಾರ ಇನ್ನೂರೈವತ್ತು ಕಿಲೋಮೀಟರ್ ದೂರದ ಲೂಕನ್‌ನಿಂದ ವಂದನಾ ತನ್ನ ತಾಯಿ ನೀಲಮ್ಮನವರನ್ನು ಕಾರಿನಲ್ಲಿ ಕೂರಿಸಿಕೊಂಡು ಅವನ ಬಾಗಿಲಿಗೇ ಬಂದಳು. ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಬಂದ ನೀಲಮ್ಮ ಕೊರೊನಾದಿಂದ ಇಲ್ಲೇ ಸಿಕ್ಕಿಬಿದ್ದಿದ್ದರು. ನಾಲ್ಕು ಗೋಡೆ ಬಿಟ್ಟು ಏನನ್ನೂ ನೋಡಿರಲಿಲ್ಲ. ಈಗ ಊರಿಗೆ ಹೊರಡಲು ವಿಮಾನದ ಟಿಕೆಟ್ ಆಗಿತ್ತು. ಸಂಕ್ರಾಂತಿಯಂದು ಆನ್‌ಲೈನಿನಲ್ಲಿ ಗಂಟೆಯ ಸದ್ದು ಕೇಳಿದವರು, ಒಂದು ಸಲ ನಾನೂ ಆ ಹಗ್ಗ ಎಳೆಯಬೇಕು ಎಂದು ಮಗಳ ಹತ್ತಿರ ಆಸೆಪಟ್ಟಿದ್ದರಂತೆ.

ನಿಜ ಹೇಳಲು ಅದೇ ಸರಿಯಾದ ಹೊತ್ತು, ಸಂಪತ್ ಹೇಳಲಿಲ್ಲ. ಅವರ ಜೊತೆಗೆ ಶಾಂಡನ್ ಏರು ಹತ್ತಿದ. ಬಾಗಿಲಿಗೆ ಬೀಗ. ಈ ವಾರದಿಂದ ಮುಚ್ಚಿರಬೇಕು ಎಂದು ಇನ್ನೊಂದು ಸುಳ್ಳು ಪೋಣಿಸಿದ. ಪಾಪ, ನಿಂದೇನು ತಪ್ಪು ಎಂದು ನೀಲಮ್ಮನವರೇ ಅವನನ್ನು ಸಮಾಧಾನಪಡಿಸಿದರು.

ಅಷ್ಟರಲ್ಲಿ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಮುದುಕಿಯೊಬ್ಬಳು ದೂರದಲ್ಲೇ ನಿಂತು, ಅದು ತಿಂಗಳುಗಟ್ಟಲೆಯಿಂದ ಮುಚ್ಚಿದೆ, ಗಂಟೆ ಬಾರಿಸಲು ಯಾರನ್ನೂ ಬಿಡುತ್ತಿಲ್ಲ ಎಂದು ಮರುಕದಿಂದ ತಿಳಿಸಿ ಹೋದಳು. ವಂದನಾ ಅವನತ್ತ ತಿರುಗಿದಳು.

"ಅದು ಹಳೇ ವಿಡಿಯೊ ಆಂಟಿ. ಅವತ್ತು ನಾನು ಮನೇಲೇ ಇದ್ದೆ," ಎಂದ ಸಂಪತ್. ಮಾಸ್ಕ್ ಇದ್ದದ್ದೇ ಒಳ್ಳೆಯದಾಯಿತು ಎನ್ನಿಸಿತು. ಆ ಯೋಚನೆಗೂ ನಾಚಿಕೆಯಾಯಿತು.

ನೀಲಮ್ಮ ಗೋಪುರವನ್ನು ನೋಡುತ್ತಲೇ ಹೇಳಿದರು.

"ದಾರೀಲಿ ಪೊಲೀಸರು ತಡೆದ್ರಪ್ಪ. ನನಗೆ ಹುಷಾರಿಲ್ಲ, ಆಸ್ಪತ್ರೆಗೆ ಹೋಗ್ತಿದೀವಿ ಅಂತ ಇವಳು ಸುಳ್ಳು ಹೇಳಿದ್ಲು. ಪಾಪ, ಆ ಪೊಲೀಸ್ ಹುಡುಗ, ಬೇಗ ಗುಣವಾಗ್ಲಿ ಅಂತ ನನಗೆ ಹಾರೈಸಿ ಮುಂದಕ್ಕೆ ಬಿಟ್ಟ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ಅವನಿಗೆ. ಮನೆಗೆ ಬಂದು ಕಾಫಿ ಕುಡಿಯಿರಿ ಎಂದು ಕರೆಯಲು ಹೊರಟು, ಯಾರನ್ನೂ ಮನೆಯೊಳಕ್ಕೆ ಕರೆಯುವಂತಿಲ್ಲ ಎಂಬುದು ನೆನಪಾಗಿ ಸುಮ್ಮನಾದ. ನೀಲಮ್ಮ ಹೊಳೆಯನ್ನಾದರೂ ನೋಡೋಣ ಎಂದರು. ಲೀ ನದಿಯ ಸೇತುವೆಯ ಮೇಲೆ ಮೂವರೂ ಗಾಳಿಗೆ ನಿಂತರು. ಡಬ್ಬಿಯಲ್ಲಿ ತಂದಿದ್ದ ಪುಳಿಯೋಗರೆಯನ್ನು ಅವನಿಗೂ ಕೊಟ್ಟರು. ವಂದನಾ ಡಬ್ಬಿ ಮುಚ್ಚಿಕೊಂಡು ಕಾರಿನತ್ತ ನಡೆದಳು.

ಸಂಜೆ ಅವನು ಕನ್ನಡಿಗರ ಗ್ರೂಪಿನಲ್ಲಿ ನಡೆದದ್ದನ್ನೆಲ್ಲ ಬರೆದು ಕ್ಷಮೆ ಕೇಳಿದ. ಹಲವರು ನಗುವ ಗುರುತು ಹಾಕಿ, ಬಿಡಪ್ಪಾ, ಪರವಾಗಿಲ್ಲ ಎನ್ನಲು ಇಲ್ಲಿಯವರು ಹೇಳುವಂತೆ ಗ್ರ್ಯಾಂಡ್ ಎಂದರು. ಆ ನಗು ಅವನಿಗೆ ಇನ್ನಷ್ಟು ಚುಚ್ಚಿತು. ವಂದನಾ ಓದಿದ್ದು ಅವನಿಗೆ ಕಾಣುತ್ತಿತ್ತು, ಅವಳು ಏನೂ ಬರೆಯಲಿಲ್ಲ.