ಮಾವನ ಕಿವಿ ಮತ್ತು ಇಂಡಕ್ಷನ್ ಒಲೆ

ಕ್ಷಮಿಸಬೇಕು, ಯಾರು ಕ್ಷಮಿಸಬೇಕೋ ಅವರು, ಹಿರಿಯರ ಮೇಲೆ ಹೀಗೆ ಸಿಟ್ಟಾಗುವುದು, ಮನಸ್ಸಿನೊಳಗೇ ಆದರೂ, ತಪ್ಪು ಅಂತ ಗೊತ್ತು — ಮಾವ ಕುರ್ಚಿ ಎಳೆಯುತ್ತಿದ್ದಾರೆ, ಅದರ ಕಾಲು ನೆಲ ಕೆರೆಯುತ್ತಿದೆ, ಇವತ್ತು ಗ್ಯಾಸಿನ ಮೇಲೆ ಮಾಡಿದ್ದೇನೆ, ಇಂಡಕ್ಷನ್ ಒಲೆ ಅಟ್ಟ ಸೇರಿದೆ, ಕೂತ್ಕೊಳ್ಳಿ ಮಾವ, ಇವತ್ತಾದರೂ ಇಲ್ಲೇ ಕೂತು ಊಟ ಮಾಡಿ. ವರ್ಷವಿಡೀ ಇದೇ ಆಯಿತು, ನಾನು ಒಲೆಯ ಗುಂಡಿ ಒತ್ತಿದ ತಕ್ಷಣ ಅವರ ಮುಖ ಗಂಟಾಗುತ್ತಿತ್ತು, ತಟ್ಟೆ ಹಿಡಿದು ಎದ್ದು ಹೋಗುತ್ತಿದ್ದರು, ನಾನು ಉಪ್ಪು ಕಮ್ಮಿ ಮಾಡಿದೆ, ಖಾರ ಕಮ್ಮಿ ಮಾಡಿದೆ, ಬಿಸಿಬಿಸಿ ಬಡಿಸೋಣವೆಂದು ಮತ್ತೆ ಅದೇ ಒಲೆ ಹಚ್ಚಿದೆ, ಗಂಡನಿಗೆ ಎಲ್ಲವೂ ತಮಾಷೆ, ನಿನ್ನ ಅಡುಗೆ ಗಲಾಟೆ ಮಾಡುತ್ತೋ ಏನೋ ಕಣೇ, ಸಂಜೆ ಕಾಲೇಜಲ್ಲಿ ಓದಿದ್ಯಲ್ಲ, ಅಲ್ಲಿ ಇದೊಂದು ಕಲಿಸ್ಲಿಲ್ವಾ ನಿಂಗೆ, ನಾನೂ ನಕ್ಕೆ, ಆಮೇಲೆ ಬಚ್ಚಲಲ್ಲಿ ನಲ್ಲಿ ತಿರುಗಿಸಿಕೊಂಡು ಬಿಕ್ಕಿದೆ. ಮೊನ್ನೆ ಮಾವ ಸ್ನಾನಕ್ಕೆ ಹೋಗುವಾಗ ಕಿವಿ ಕೇಳುವ ಮಷೀನನ್ನು ಅಡುಗೆಕಟ್ಟೆಯ ಮೇಲೆ ಬಿಟ್ಟರು, ಒರೆಸಿಡೋಣವೆಂದು ಎತ್ತಿದವಳು ಸುಮ್ಮನೆ ಕಿವಿಗೆ ಇಟ್ಟುಕೊಂಡೆ, ಒಲೆಯ ಮೇಲೆ ಹಾಲಿತ್ತು — ಜುಂಯ್ ಅಂತ, ತಲೆಯೊಳಗೆ ಯಾರೋ ಗರಗಸ ಎಳೆದ ಹಾಗೆ, ಒಲೆ ಆರಿಸಿದರೆ ನಿಂತಿತು, ಹಚ್ಚಿದರೆ ಮತ್ತೆ ಬಂತು, ಆರಿಸಿದೆ ಹಚ್ಚಿದೆ ಆರಿಸಿದೆ, ಹಾಲು ಕೆನೆಗಟ್ಟಿತು. ಮಷೀನು ಕೊಟ್ಟ ಅಂಗಡಿಯವನಿಗೆ ಫೋನ್ ಮಾಡಿದರೆ, ಅದಕ್ಕೂ ಆ ಒಲೆಗೂ ಆಗಿಬರಲ್ಲಮ್ಮ, ಗೊತ್ತಿರೋ ವಿಷ್ಯವೇ, ಎಂದ ಆರಾಮಾಗಿ, ಯಾರಿಗೆ ಗೊತ್ತಿರುವ ವಿಷಯ, ಮಾರುವಾಗ ನಿನ್ನ ಬಾಯಿಗೇನಾಗಿತ್ತು. ಮಾವನನ್ನೇ ಕೇಳಿದೆ, ಯಾಕೆ ಮಾವ ಒಂದು ಮಾತು ಹೇಳಲಿಲ್ಲ. ಎಲ್ರಿಗೂ ಹಾಗೇ ಕೇಳ್ಸುತ್ತೆ ಅಂದ್ಕೊಂಡಿದ್ದೆ ಕಣಮ್ಮ, ನೀವೆಲ್ಲ ತಡ್ಕೊಳ್ತಿದ್ರಿ, ನನ್ನ ಕೈಲಿ ಆಗ್ತಿರ್ಲಿಲ್ಲ. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ, ಮೈಯೆಲ್ಲ ಉರಿಯಿತು, ನನ್ನ ಒಂದು ವರ್ಷವನ್ನು ಯಾರು ವಾಪಸ್ಸು ಕೊಡುತ್ತಾರೆ, ಈಗಲೂ ಉರಿಯುತ್ತಿದೆ, ಬಡಿಸುತ್ತಿದ್ದೇನೆ —

ಕೂತಿದ್ದಾರೆ, ಮುಖದಲ್ಲಿ ಗಂಟಿಲ್ಲ, ಒಂದು ತುತ್ತು, ಇನ್ನೊಂದು ತುತ್ತು, ರುಚಿಯಾಗಿದೆಯಾ ಮಾವ ಎಂದು ಬಾಯಿ ತೆರೆದೆ, ಇನ್ನೂ ನಾಲ್ಕು ಮಾತು ಆಡುವುದಿತ್ತು, ಅಷ್ಟರಲ್ಲಿ ಅವರ ಎಡಗೈ ಮೇಲೆದ್ದಿತು, ಮಷೀನನ್ನು ಕಿವಿಯಿಂದ ತೆಗೆದು ತಟ್ಟೆಯ ಪಕ್ಕ ಇಟ್ಟರು, ಊಟ ಮುಂದುವರಿಸಿದರು — ತೆಗೆದದ್ದು ಫ್ರಿಜ್ಜಿನ ಸದ್ದಿಗೋ, ಫ್ಯಾನಿನದಕ್ಕೋ, ನನ್ನ ಮಾತಿಗೋ, ತಟ್ಟೆಯ ಪಕ್ಕ ಮಷೀನು, ತಟ್ಟೆಯ ಪಕ್ಕ ಆ ಮಷೀನು, ನನಗೆ ಗೊತ್ತಿಲ್ಲ.