ಅಕ್ಕ ಕೊಂಡ ರಿಪೇರಿ ಡಬ್ಬಿ

ರೇಡಿಯೋ ಮಾತು ನಿಲ್ಲಿಸಿದ ದಿನ ಅಕ್ಕ ಎಂದಿನಂತೆ ತಮ್ಮನಿಗೆ ಫೋನ್ ಮಾಡಿದಳು. ಮೂರನೇ ಮಹಡಿಯ ಒಂದೇ ಕೋಣೆಯ ಮನೆಯಲ್ಲಿ ಬಟ್ಟೆ ಹೊಲಿದು ಬದುಕುವ ಹೆಂಗಸು ಅವಳು. ಗಂಡ ಹೋದ ಮೇಲೆ ಆ ಮನೆಯಲ್ಲಿ ಮಾತು ಅಂತ ಇದ್ದದ್ದು ರೇಡಿಯೋದ್ದು ಮಾತ್ರ. ತಮ್ಮನೋ, ಊರಿನ ಇನ್ನೊಂದು ತುದಿಯಲ್ಲಿ ಟೀವಿ, ರೇಡಿಯೋ ರಿಪೇರಿಯ ಅಂಗಡಿ ಇಟ್ಟವನು. ಮದುವೆಯ ಗೊಡವೆಗೆ ಹೋಗದವನು. ಏನಾದರೂ ಕೆಟ್ಟರೆ ಬರುತ್ತಿದ್ದ, ಸರಿಮಾಡುತ್ತಿದ್ದ, ಉಂಡು ಒಂದು ನಿದ್ದೆ ತೆಗೆದು ಹೋಗುತ್ತಿದ್ದ. ಸುಮ್ಮನೆ ಬಾ ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ; ಸುಮ್ಮನೆ ಬರಲು ಅವನಿಗೆ ಕಾಲು ಬರುತ್ತಿರಲಿಲ್ಲ. ಹಾಗಾಗಿ ಇಸ್ತ್ರಿಪೆಟ್ಟಿಗೆ ಕೆಟ್ಟರೆ ಅವಳಿಗೆ ಒಳಗೊಳಗೇ ಖುಷಿ.

ಈ ಸಲ ತಮ್ಮ ಬರಲಿಲ್ಲ. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದ. ಮುಂದಿನ ವಾರವೂ ಅದನ್ನೇ ಹೇಳಿದ. ಮತ್ತೆ ಕೇಳಿದಾಗ, "ಒಂದು ಟೂಲ್ ಕಿಟ್ ತಗೋ ಅಕ್ಕ. ಸೂಜಿ ಹಿಡಿಯೋ ಕೈ ನಿಂದು, ಕಲೀತೀಯ," ಎಂದುಬಿಟ್ಟ.

ನಾನು ಅವನಿಗೆ ಭಾರವಾದೆ ಎಂದುಕೊಂಡಳು ಅವಳು. ಹೊಲಿಗೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಒಂದು ಅಂಗಿಗೆ ಎಡದ ತೋಳನ್ನು ಬಲಕ್ಕೆ ಕೂಡಿಸಿ, ಬಿಚ್ಚಿ, ಮತ್ತೆ ಹೊಲಿದಳು. ಆಮೇಲೆ ಹಟ ಬಂತು. ಯಾರ ಹಂಗೂ ಬೇಡ ಎಂದು ಚಪ್ಪಲಿ ಮೆಟ್ಟಿ ಹೊರಟಳು.

ರಿಪೇರಿ ಸಾಮಾನಿನ ಅಂಗಡಿಯಲ್ಲಿ ಟೂಲ್ ಕಿಟ್ಟಿನ ಡಬ್ಬಿಗಳು ಸೂರಿನವರೆಗೆ ಏರಿದ್ದವು. ಅಂಗಡಿಯವನು ಎಲ್ಲಕ್ಕಿಂತ ದೊಡ್ಡದನ್ನು ತೆಗೆದು ಮುಂದಿಟ್ಟ. ತೆರೆದರೆ ಸಾಲು ಸಾಲು ಹೊಳೆಯುವ ಸ್ಕ್ರೂಡ್ರೈವರ್ ತುದಿಗಳು. ಇದರಲ್ಲಿ ವಿಮಾನ ಬೇಕಾದರೂ ಬಿಚ್ಚಬಹುದು ಎಂದ. ತನ್ನ ಹತ್ತಿರ ವಿಮಾನ ಇಲ್ಲ ಎಂದಳು ಅವಳು. ಅವನು ನಕ್ಕು ಇನ್ನಷ್ಟು ಡಬ್ಬಿ ಇಳಿಸಿದ. ಯಾವುದನ್ನು ಆರಿಸುವುದೋ ತಿಳಿಯದೆ, ಹಟವನ್ನು ಬದಿಗಿಟ್ಟು, ತಮ್ಮನಿಗೇ ಫೋನ್ ಮಾಡಿದಳು.

"ದೊಡ್ಡದು ಬೇಡ," ಎಂದ ಅವನು. "ಅಷ್ಟೊಂದು ತುದಿ ಇರುತ್ತೆ, ನಿಂಗೆ ಬೇಕಾಗೋದು ನಾಲ್ಕೈದು. ಕೈಗೆ ತಗೊಂಡು ಸ್ಕ್ರೂ ಮೇಲಿಟ್ಟು ತಿರುಗಿಸಿ ನೋಡು. ಜಾರಿದ್ರೆ ಬಿಡು. ತುದಿ ಮೆತ್ತಗಿದ್ರೆ ಸ್ಕ್ರೂ ತಲೆ ಸವೆದುಹೋಗುತ್ತೆ."

ಅವಳು ಒಂದೊಂದನ್ನೇ ತಿರುಗಿಸಿ ನೋಡಿದಳು. ಒಂದು ಜಾರಿತು. ಇನ್ನೊಂದರ ಹಿಡಿ ಬೆವರಿದ ಕೈಗೆ ತೀರ ನುಣುಪು. ಮತ್ತೊಂದು ಮಾತ್ರ ಅವಳ ಕತ್ತರಿಯ ಹಾಗೆ ಕೈಯಲ್ಲಿ ಕೂತಿತು. ಆ ಡಬ್ಬಿಯಲ್ಲಿ ಸಣ್ಣ ಚಿಮಟ, ತಂತಿ ಕತ್ತರಿಸುವ ಇಕ್ಕಳ, ಕರೆಂಟ್ ಹರಿಯುತ್ತಿದೆಯೇ ಎಂದು ನೋಡುವ ಮೀಟರ್ ಇದ್ದವು. ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿಯನ್ನು ಬೇರೆ ತಗೋ, ಶಾಖ ಹೆಚ್ಚುಕಡಿಮೆ ಮಾಡುವಂಥದ್ದಿರಲಿ, ಇಡುವುದಕ್ಕೆ ಸ್ಟ್ಯಾಂಡ್ ಮರೆಯಬೇಡ, ಮೇಜು ಸುಟ್ಟೀತು ಎಂದು ತಮ್ಮ ಹೇಳುತ್ತಲೇ ಹೋದ. ಅವನ ಬಾಯಿಂದ ಅಷ್ಟು ಮಾತು ಕೇಳಿ ಯಾವ ಕಾಲವಾಗಿತ್ತೋ. ಅಂಗಡಿಯವನು ಬೇರೆ ಗಿರಾಕಿಯನ್ನು ವಿಚಾರಿಸಿ ಬಂದರೂ ಅವಳು ಫೋನ್ ಇಟ್ಟಿರಲಿಲ್ಲ.

ಭಾರವಾದವಳ ಜೊತೆ ಯಾರೂ ಹೀಗೆ ಮಾತಾಡುವುದಿಲ್ಲ ಎನ್ನಿಸಿತು. ಡಬ್ಬಿ, ಬೆಸುಗೆ ಕಡ್ಡಿ ಎರಡನ್ನೂ ಕೊಂಡು ಮನೆಗೆ ಹೋಗಿ, ರೇಡಿಯೋವನ್ನೂ ಚೀಲಕ್ಕೆ ಹಾಕಿಕೊಂಡು, ಹೇಳದೆ ಕೇಳದೆ ತಮ್ಮನ ಅಂಗಡಿಯ ಕಡೆಗೆ ಬಸ್ಸು ಹತ್ತಿದಳು.

ಅಂಗಡಿಯ ಷಟರ್ ಇಳಿದಿತ್ತು. ಬೀಗದ ಮೇಲೆ ಧೂಳು ಕೂತಿತ್ತು. ಮುಚ್ಚಿ ತಿಂಗಳುಗಳೇ ಆದವಲ್ಲ, ನಿಮಗೆ ಗೊತ್ತಿಲ್ಲವೇ ಎಂದು ಪಕ್ಕದ ಕ್ಷೌರಿಕ ಕೇಳಿದ. ಗೊತ್ತು ಎಂದು ಸುಳ್ಳು ಹೇಳಿ, ಅವಳು ಹಿಂದಿನ ಓಣಿಯಲ್ಲಿದ್ದ ತಮ್ಮನ ಕೋಣೆಗೆ ನಡೆದಳು.

ಬಾಗಿಲು ತೆರೆದ ತಮ್ಮನ ಅಂಗಿಯ ಗುಂಡಿಗಳು ಒಂದೊಂದು ಕಾಜ ತಪ್ಪಿ ಕೂತಿದ್ದವು. ದರ್ಜಿಯ ಕಣ್ಣು ಮೊದಲು ನೋಡಿದ್ದು ಅದನ್ನೇ. ಅವನು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಅವಳು ಒಳಗೆ ಹೋದಳು. ರೇಡಿಯೋವನ್ನು ಮೇಜಿನ ಮೇಲಿಟ್ಟು ಡಬ್ಬಿ ತೆರೆದಳು. ಹೊಸ ಸಾಮಾನು ಕಂಡರೆ ತಡೆಯಲಾರದವನು ಅವನು, ಸ್ಕ್ರೂಡ್ರೈವರ್ ಎತ್ತಿಕೊಂಡ. ತುದಿ ಸ್ಕ್ರೂವಿನ ಸುತ್ತ ನೊಣದಂತೆ ಹಾರಾಡಿತು, ಒಳಗೆ ಕೂರಲಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ನೋಡಿದ. ಆಮೇಲೆ ಮೆಲ್ಲಗೆ ಕೆಳಗಿಟ್ಟ.

"ಯಾವಾಗಿಂದ?" ಎಂದಳು.

"ಹೋದ ವರ್ಷದಿಂದ. ಈ ನಡುಕ ಕಮ್ಮಿ ಆಗೋದಲ್ಲ ಅಂದ್ರು ಡಾಕ್ಟರು."

"ನಂಗ್ಯಾಕೆ ಹೇಳ್ಲಿಲ್ಲ?"

"ರಿಪೇರಿ ಮಾಡಕ್ಕಾಗದೋನು ನಿನ್ನ ಮನೆಗೆ ಏನಂತ ಬರ್ಲಿ ಅಕ್ಕ?"

ಅವಳು ಸ್ಕ್ರೂಡ್ರೈವರ್ ತೆಗೆದುಕೊಂಡು, "ನೀನು ಹೇಳು, ನಾನು ಮಾಡ್ತೀನಿ," ಎಂದಳು.

ರೇಡಿಯೋ ಬಿಚ್ಚಿ ನೋಡಿದರೆ ಸ್ಪೀಕರಿನ ತಂತಿಯೊಂದು ಬುಡದಿಂದ ಕಿತ್ತುಬಂದಿತ್ತು. ಮೊದಲ ಬೆಸುಗೆ ಉಂಡೆಯಾಗಿ ಉದುರಿತು. ತಂತಿಯನ್ನು ಮೊದಲು ಬಿಸಿ ಮಾಡು, ಅವಸರ ಬೇಡ ಎಂದು ತಮ್ಮ ಅವಳ ಭುಜದ ಮೇಲಿಂದ ಬಗ್ಗಿ ಹೇಳಿದ. ಇನ್ನೊಂದು ಸಲಕ್ಕೆ ಅಂಟಿತು. ರೇಡಿಯೋ ಗೊರಗೊರ ಎಂದು ಯಾರದೋ ಭಾಷಣ ಶುರುಮಾಡಿತು. ತಮ್ಮ ನಕ್ಕ, ಬೆಸುಗೆ ನೋಡಕ್ಕೆ ಚೆನ್ನಾಗಿಲ್ಲ, ಆದರೂ ಹಿಡಿದೀತು ಎಂದ.

ನನ್ನ ಜೊತೆ ಬಂದುಬಿಡು ಎಂದು ಹೊರಡುವಾಗ ಅವಳು ಕೊನೆಗೂ ಬಾಯಿಬಿಟ್ಟು ಕರೆದಳು. ಅವನು ಒಪ್ಪಲಿಲ್ಲ. ಆ ಕೋಣೆಯಲ್ಲಿ ನಿನ್ನ ಮಿಷನ್ನಿಗೇ ಜಾಗ ಸಾಲದು, ಅಷ್ಟು ಮೆಟ್ಟಿಲು ಬೇರೆ ಎಂದ. ಹಾಗಾದರೆ ಭಾನುವಾರ ನಾನೇ ಬರುತ್ತೇನೆ ಎಂದಳು. ಬಾ ಎಂದ.

ಈಗ ಭಾನುವಾರಗಳಲ್ಲಿ ಅವಳು ಹೋಗುತ್ತಾಳೆ. ನೆರೆಯವರ ಟಾರ್ಚು, ಗೋಡೆ ಗಡಿಯಾರ ಏನಾದರೂ ಚೀಲದಲ್ಲಿರುತ್ತದೆ. ಅವನು ಹೇಳುತ್ತಾನೆ, ಅವಳು ಮಾಡುತ್ತಾಳೆ. ಯಾರದೂ ಏನೂ ಕೆಡದ ವಾರ ಬರಿಗೈಯಲ್ಲಿ ಹೋಗುತ್ತಾಳೆ. ಆಗ ಏನು ಮಾತಾಡುವುದೆಂದು ತೋಚದೆ ಇಬ್ಬರೂ ಕಿಟಕಿಯಾಚೆ ನೋಡುತ್ತ ಕೂರುತ್ತಾರೆ. ಸಂಜೆ ಅವನು ಕೈಯನ್ನು ಜೇಬಿಗಿಟ್ಟುಕೊಂಡು ನಿಲ್ದಾಣದವರೆಗೆ ಬಿಡಲು ಬರುತ್ತಾನೆ. ಬಸ್ಸು ತಿರುವು ದಾಟುವ ತನಕ ಅವನು ಅಲ್ಲೇ ನಿಂತಿರುವುದು ಅವಳಿಗೆ ಕಾಣುತ್ತದೆ. ಮುಂದಿನ ಭಾನುವಾರದವರೆಗೆ ಅವನ ಕೋಣೆಯಲ್ಲಿ ಅವನು, ಅವಳ ಕೋಣೆಯಲ್ಲಿ ಅವಳು.