ರೋಸಾನಳ ಬಲಗೈ

ರೋಸಾನಳಿಗೆ ಬಾಯಿಗಿಂತ ಮೊದಲು ಕೈ ಮಾತಾಡಿತು. ಅವಳ ಅಪ್ಪ ಕ್ಯಾಸಿಮಿರ್, ಅಮ್ಮ ಹೆಲೀನಾ ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳದು. ಕಿವುಡರ ದೊಡ್ಡ ಕಾಲೇಜಿರುವ ಅಮೆರಿಕದ ರಾಚೆಸ್ಟರಿನಲ್ಲಿ ಅದು ಯಾರೂ ತಿರುಗಿ ನೋಡುವಂಥ ಸಂಗತಿಯಲ್ಲ. ಶುಕ್ರವಾರ ಸಂಜೆ ಕರಿದ ಮೀನು ತಿನ್ನಲು ಹೋದರೆ ಪಕ್ಕದ ಮೇಜಿನಲ್ಲಿ ಕೈಗಳೇ ಹರಟೆ ಹೊಡೆಯುತ್ತಿರುತ್ತವೆ. ಕ್ಯಾಸಿಮಿರ್ ಒಂದು ಪತ್ರಿಕೆಯ ಅಚ್ಚುಮನೆಯಲ್ಲಿ ದುಡಿದು ನಿವೃತ್ತರಾದವರು. ಯಂತ್ರಗಳ ಗದ್ದಲ ತಾಳಲಾರದೆ ಉಳಿದವರು ಕಿವಿಗೆ ಹತ್ತಿ ತುರುಕಿಕೊಂಡರೆ, “ನಂಗೆ ದೇವರು ಮೊದಲೇ ತುರುಕಿ ಕಳಿಸಿದಾನೆ” ಎಂದು ಸನ್ನೆ ಮಾಡಿ ನಗಿಸುತ್ತಿದ್ದರು.

ಕಿವಿ ಕೇಳುವ ಮಗಳು ಇವಳೊಬ್ಬಳೇ. ಅಂಗಡಿಯವನಿಗೂ ಅಮ್ಮನಿಗೂ ನಡುವೆ, ಮೇಷ್ಟರಿಗೂ ಅಪ್ಪನಿಗೂ ನಡುವೆ ನಿಂತೇ ಬೆಳೆದಳು. ದೊಡ್ಡವಳಾದ ಮೇಲೆ ಅದೇ ಉದ್ಯೋಗವಾಯಿತು. ನ್ಯಾಯಾಲಯದಲ್ಲಿ, ಕಾಲೇಜಿನಲ್ಲಿ ಕೈಮಾತಿನ ದುಭಾಷಿ.

ಹೆಲೀನಾಗೆ ಹೊಟ್ಟೆನೋವು ಶುರುವಾಗಿ, ಪರೀಕ್ಷೆಗಳೆಲ್ಲ ಮುಗಿದು, ಫಲಿತಾಂಶ ಕೇಳಲು ಆಸ್ಪತ್ರೆಗೆ ಹೋದ ದಿನ ಹಿಮ ಬಿದ್ದು ರಸ್ತೆಗಳು ಮುಚ್ಚಿಹೋಗಿದ್ದವು. ಆಸ್ಪತ್ರೆಯವರು ಗೊತ್ತು ಮಾಡಿದ್ದ ದುಭಾಷಿಗೆ ಬರಲಾಗಲಿಲ್ಲ. ಮುಂದಿನ ವಾರ ಬನ್ನಿ ಎಂದರು ಕೌಂಟರಿನವರು. ಕ್ಯಾಸಿಮಿರ್ ಮಗಳತ್ತ ಬೆರಳು ತೋರಿಸಿದರು. “ಇವಳಿದಾಳಲ್ಲ, ಇನ್ಯಾರಿಗೆ ಕಾಯೋದು?”

ದುಭಾಷಿಯಾದವರು “ಡಾಕ್ಟರು ಹೀಗೆ ಹೇಳ್ತಾರೆ” ಅನ್ನುವಂತಿಲ್ಲ. ಆಡಿದವರ ಮಾತನ್ನು ತನ್ನದೇ ಮಾತಿನಂತೆ ಆಡಬೇಕು. ರೋಸಾನ್ ಹಾಗೆಯೇ ಆಡಿದಳು. ಕ್ಯಾನ್ಸರ್ ಗಡ್ಡೆ ಲಿವರಿಗೂ ಹರಡಿದೆ ಎಂದಳು. ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದಳು. ಹೆಲೀನಾ ಕೇಳಿದ್ದು ಒಂದೇ ಪ್ರಶ್ನೆ: “ಇನ್ನೆಷ್ಟು ದಿನ?” ಡಾಕ್ಟರು ಉತ್ತರ ಕೊಟ್ಟರು. ರೋಸಾನ್ ಅಮ್ಮನ ಕಣ್ಣು ನೋಡುತ್ತ ತನ್ನ ಕೈಗಳಿಂದ ಹೇಳಿದಳು: “ನೀವು ಬೇಸಿಗೆ ಕಾಣೋದು ಕಷ್ಟ.”

ಡಾಕ್ಟರು ನೋವಿನ ಮಾತ್ರೆಗಳ ವಿಷಯಕ್ಕೆ ಬಂದರು. ರೋಸಾನಳ ಕೈ ಮೇಲೆದ್ದಿತ್ತಷ್ಟೆ. ಹೆಲೀನಾ ಮುಂದೆ ಬಾಗಿ ಆ ಬಲಗೈ ಹಿಡಿದರು, ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಚ್ಚಿ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಕೈಯಿಂದ ಮಾತಾಡುವವರ ಬಾಯಿ ಮುಚ್ಚಿಸುವುದು ಹೀಗೆಯೇ. ಡಾಕ್ಟರು ತಮ್ಮ ಪಾಡಿಗೆ ಹೇಳುತ್ತಲೇ ಇದ್ದರು.

ಹೆಲೀನಾ ಮೇ ತಿಂಗಳಲ್ಲಿ, ಅಲ್ಲಿನ ಬೇಸಿಗೆ ಶುರುವಾಗುವ ಮೊದಲೇ, ತೀರಿಕೊಂಡರು.

ರೋಸಾನ್ ಅಳಲಿಲ್ಲ. ಮಣ್ಣಾದ ಮರುವಾರವೇ ಕೆಲಸಕ್ಕೆ ಹೋದಳು. ನ್ಯಾಯಾಲಯದಲ್ಲಿ ಮನೆ ಬಾಡಿಗೆಯ ಒಂದು ಸಣ್ಣ ತಕರಾರು ನಡೆಯುತ್ತಿತ್ತು. ವಾಕ್ಯದ ನಡುವೆ ಅವಳ ಬಲಗೈ ಬೆರಳುಗಳು ತಾವಾಗಿಯೇ ಒಳಕ್ಕೆ ಮಡಚಿಕೊಂಡವು. ಬಿಡಿಸಲು ಹೋದರೆ ಇನ್ನೂ ಬಿಗಿದವು. “ಏನಾಯ್ತಮ್ಮ?” ಎಂದು ನ್ಯಾಯಾಧೀಶರು ಕೇಳಿದರು. “ಸೆಳೆತ ಸರ್, ಈಗ ಹೋಗುತ್ತೆ” ಎಂದಳು. ಹೋಗಲಿಲ್ಲ. ಸಂಜೆಯಾದರೂ ಕೈ ಮುಷ್ಟಿಯಾಗಿಯೇ ಇತ್ತು. ಗುಂಡಿ ಹಾಕಿಕೊಳ್ಳಲಾಗದು, ಲೋಟ ಹಿಡಿಯಲಾಗದು.

ಆಮೇಲೆ ಆಸ್ಪತ್ರೆಗಳ ಸುತ್ತಾಟ. ತಲೆಯ ಸ್ಕ್ಯಾನ್ ಆಯಿತು, ತೋಳಿಗೆ ಸೂಜಿ ಚುಚ್ಚಿ ನರ ನೋಡಿದ್ದಾಯಿತು, ಕತ್ತಿನ ಎಲುಬು ನೋಡಿದ್ದಾಯಿತು. ಎಲ್ಲ ಸರಿಯಾಗಿದೆ ಎನ್ನುವುದನ್ನು ಕೇಳಿ ಕೇಳಿ ಅವಳಿಗೆ ರೋಸಿಹೋಯಿತು. ಕೊನೆಗೆ ಲಿಂಡ್‌ಕ್ವಿಸ್ಟ್ ಎಂಬ ನರವೈದ್ಯೆಯ ಬಳಿಗೆ ಹೋದಳು. ವಯಸ್ಸಾದ, ಆತುರವಿಲ್ಲದ ಹೆಂಗಸು.

“ನಾನು ಮೇಜಿನ ಮೇಲೆ ತಟ್ತೀನಿ. ಹಾಗೇ ನೀವು ಎಡಗೈಲಿ ತಟ್ಟಿ” ಎಂದರು ಆಕೆ. ತಾಳ ಬದಲಾಗುತ್ತ ಹೋಯಿತು. ರೋಸಾನ್ ತಪ್ಪಬಾರದೆಂದು ಕಣ್ಣು ನೆಟ್ಟು ತಟ್ಟಿದಳು.

“ಈಗ ಬಲಗೈ ನೋಡ್ಕೊಳ್ಳಿ.”

ತೊಡೆಯ ಮೇಲಿದ್ದ ಮುಷ್ಟಿ ಸಡಿಲಾಗಿ, ಹೆಬ್ಬೆರಳು ಹೊರಗೆ ಬಂದಿತ್ತು. ಅವಳು ನೋಡಿದ್ದೇ ತಡ, ಮತ್ತೆ ಬಿಗಿಯಿತು.

ಅವಳ ಮುಖ ಕೆಂಪೇರಿತು. “ಅಂದ್ರೆ ನಾನು ನಾಟಕ ಆಡ್ತಿದೀನಿ ಅಂತೀರಾ?”

“ಇಲ್ಲಮ್ಮ. ಈಗ ಸಿಟ್ಟು ಬಂದು ನಿಮ್ಮ ಮುಖ ಕೆಂಪಾಯ್ತಲ್ಲ, ಅದೇನು ನಾಟಕವಾ? ಮನಸ್ಸಿಗೆ ಆಗಿದ್ದು ಮೈಮೇಲೆ ಬರುತ್ತೆ. ನಿಮ್ಮ ಕೈ ನಿಜವಾಗ್ಲೂ ಮುಚ್ಕೊಂಡಿದೆ, ಆದ್ರೆ ಕೆಟ್ಟಿಲ್ಲ. ಕೆಡದೇ ಇರೋದನ್ನ ಮತ್ತೆ ಪಳಗಿಸ್ಬಹುದು. ಈ ಕೈ ಕೊನೇ ಸಲ ನಿಮಗೆ ಬೇಡದ ಕೆಲಸ ಮಾಡಿದ್ದು ಯಾವಾಗ?”

ರೋಸಾನ್ ಗೊತ್ತಿಲ್ಲ ಎಂದು ಎದ್ದು ಬಂದಳು.

ಭಾನುವಾರ ಅಪ್ಪನ ಮನೆಗೆ ಹೋದಳು. ಕ್ಯಾಸಿಮಿರ್ ಪಿರೋಗಿ ಕಡುಬಿಗೆಂದು ಆಲೂಗಡ್ಡೆ ಹಿಸುಕುತ್ತಿದ್ದರು. ಅವಳು ಎಡಗೈಯೊಂದರಲ್ಲೇ ಏನೋ ಹೇಳಿದಳು. ಅವರು ಕಣ್ಣು ಕಿರಿದು ಮಾಡಿ ನೋಡಿದರು.

“ಏನೇ ಇದು? ಮೂರು ವರ್ಷದ ಮಗು ಬಾಯ್ತುಂಬ ರೊಟ್ಟಿ ಇಟ್ಕೊಂಡು ಮಾತಾಡ್ದಂಗಿದೆ.”

“ನಗಬೇಡಪ್ಪ.”

“ನಗದೇ ಅಳ್ಲಾ? ಅಳೋದಕ್ಕೆ ಈರುಳ್ಳಿ ಇದೆ.” ಅವರು ಹಿಡಿ ತುಂಬ ಮೆಣಸಿನ ಪುಡಿ ಸುರಿದರು. “ಇವತ್ತಾದ್ರೂ ಖಾರವಾಗಿ ತಿನ್ನೋಣ. ನಿಮ್ಮಮ್ಮಂಗೆ ಅಡುಗೇನೇ ಬರ್ತಿರ್ಲಿಲ್ಲ. ಮದುವೆ ಆದಾಗಿಂದ ಸಪ್ಪೆ ತಿಂದೆ.”

ರೋಸಾನಳಿಗೆ ಮೈಯೆಲ್ಲ ಉರಿದುಹೋಯಿತು. “ಸುಳ್ಳು! ತಟ್ಟೆ ನೆಕ್ಕಿ ತಿಂತಿದ್ದೆ ನೀನು! ಕಿವುಡರ ಕ್ಲಬ್ಬಲ್ಲಿ ಎಲ್ಲರ ಮುಂದೆ ಅವಳ ಕಡುಬನ್ನ ಹೊಗಳ್ತಾ ಇರ್ಲಿಲ್ವಾ? ಸತ್ತವಳ ಮೇಲೆ ಹೀಗೆಲ್ಲ ಹೇಳ್ತೀಯಲ್ಲ, ನಾಚಿಕೆ ಆಗಲ್ವಾ?”

ಅವಳು ಎರಡೂ ಕೈಯಲ್ಲಿ ಬೈಯುತ್ತಿದ್ದಳು. ಬಲಗೈ ಬೆರಳುಗಳು ಗಾಳಿಯನ್ನು ಸೀಳುತ್ತಿದ್ದವು. ಕ್ಯಾಸಿಮಿರ್ ಅದನ್ನು ಕಂಡರು, ಆದರೆ ಕಂಡಂತೆ ತೋರಿಸಿಕೊಳ್ಳಲಿಲ್ಲ. “ಹೊಗಳಿದ್ದು ಹೆದರಿಕೆಗೆ” ಎಂದು ಇನ್ನಷ್ಟು ಕೆಣಕಿದರು. ಅವಳು ಇನ್ನಷ್ಟು ಬೈದಳು. ಬೈಯುತ್ತ ಬೈಯುತ್ತ ತನ್ನ ಕೈಯನ್ನು ತಾನೇ ಕಂಡಳು. ಬೆರಳುಗಳು ಮೆಲ್ಲಗೆ ಮಡಚಿಕೊಂಡವು. ಅವಳು ಕುರ್ಚಿಯ ಮೇಲೆ ಕುಸಿದು, ಅಮ್ಮ ಸತ್ತ ಮೇಲೆ ಮೊದಲ ಬಾರಿಗೆ ಅತ್ತಳು.

ಅತ್ತು ಮುಗಿಸಿ, ಎಡಗೈಯಲ್ಲೇ ತೊದಲುತ್ತ ಹೇಳಿದಳು. “ಅಮ್ಮಂಗೆ ಸಾವಿನ ಸುದ್ದಿ ಹೇಳಿದ್ದು ಈ ಕೈ. ಅವಳು ಇದನ್ನ ಮುಚ್ಚಿಬಿಟ್ಲು. ಅವಳಿಗೆ ನನ್ನ ಮೇಲೆ ಸಿಟ್ಟಿತ್ತು.”

ಕ್ಯಾಸಿಮಿರ್ ಕೈಗೆ ಅಂಟಿದ ಆಲೂಗಡ್ಡೆ ಒರೆಸಿಕೊಂಡು ಎದುರಿಗೆ ಕೂತರು. “ಸಿಟ್ಟಿತ್ತು ನಿಜ. ನನ್ ಮೇಲೆ. ಅವತ್ತು ರಾತ್ರಿ ನಿದ್ದೆ ಮಾಡಕ್ಕೆ ಬಿಡ್ಲಿಲ್ಲ. ‘ಒಂದ್ವಾರ ಕಾಯಕ್ಕೆ ನಿಂಗೇನಾಗಿತ್ತು ಮುದುಕ? ಆ ಮಾತನ್ನ ಮಗೂ ಕೈಲಿ ಯಾಕೆ ಹೇಳಿಸ್ದೆ?’ ಅಂದ್ಲು. ನಿನ್ನ ಕೈ ಹಿಡ್ಕೊಂಡಿದ್ದು, ನೀನು ಇನ್ನೂ ಹೇಳ್ಬೇಕಾಗಿ ಬರಬಾರ್ದು ಅಂತ.”

ಹೆಲೀನಾ ಹಾಗೆ ಹೇಳಿದ್ದರೋ, ಮಗಳಿಗೋಸ್ಕರ ಅಪ್ಪ ಆಗಲೇ ಕಟ್ಟಿದ ಮಾತೋ, ರೋಸಾನಳಿಗೆ ತಿಳಿಯಲಿಲ್ಲ. ಕೇಳುವುದಕ್ಕೂ ಹೋಗಲಿಲ್ಲ. ಕಡುಬು ಬಾಯಿಗಿಡಲಾರದಷ್ಟು ಖಾರವಾಗಿತ್ತು. ಇಬ್ಬರೂ ನೀರು ಕುಡಿಯುತ್ತ ತಿಂದರು.

ಕೈ ಒಂದೇ ದಿನಕ್ಕೆ ಬಿಟ್ಟುಕೊಡಲಿಲ್ಲ. ರೋಸಾನ್ ಲಿಂಡ್‌ಕ್ವಿಸ್ಟರ ಬಳಿಗೆ ತಾನೇ ಮರಳಿ ಹೋಗಿ ನಡೆದದ್ದೆಲ್ಲ ಹೇಳಿದಳು. ಅವರು ವ್ಯಾಯಾಮ ಹೇಳಿಕೊಡುವವರ ಬಳಿಗೂ, ಮನಸ್ಸಿನ ಮಾತು ಕೇಳುವವರ ಬಳಿಗೂ ಕಳಿಸಿದರು. ಚೆಂಡು ಎಸೆದು ಹಿಡಿಯುವುದು, ಹಾಡಿಗೆ ತಾಳ ಹಾಕುವುದು, ಅಪ್ಪನ ಜೊತೆ ಬೇಕೆಂದೇ ಜಗಳವಾಡುವುದು. ಕೆಲವು ದಿನ ಪೂರ್ತಿ ತೆರೆಯುತ್ತಿತ್ತು, ಕೆಲವು ದಿನ ಇಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಅವಳು ನ್ಯಾಯಾಲಯದ ಕೆಲಸಕ್ಕೆ ಮರಳಿದಳು. ಕಿರುಬೆರಳು ಮಾತ್ರ ಈಗಲೂ ದಣಿದಾಗ ಹಿಂದೆ ಬೀಳುತ್ತದೆ.

ಮುಂದಿನ ವರ್ಷ ಕ್ಯಾಸಿಮಿರ್ ಕಣ್ಣಿಗೆ ಪೊರೆ ಬಂತು. ಕಣ್ಣಿನ ಆಸ್ಪತ್ರೆಯ ಕೌಂಟರಿನ ಹುಡುಗಿ ನಗುತ್ತ, “ದುಭಾಷಿ ಬರೋದು ತಡ ಆಗುತ್ತೆ. ನೀವು ಮಗಳು ಇದೀರಲ್ಲ, ನೀವೇ ಹೇಳ್ಬಿಡಿ” ಎಂದಳು.

“ನಾನು ಮಗಳಾಗಿ ಬಂದಿದೀನಿ. ಅವರು ಬರ್ಲಿ, ಕಾಯ್ತೀವಿ.”

ಕಾದರು. ಗಡ್ಡ ಬಿಟ್ಟ ಒಬ್ಬ ಯುವಕ ಬಂದ. ಅವನು ಒಂದು ಕಡೆ ಎಡಗಣ್ಣು ಎನ್ನಬೇಕಾದಲ್ಲಿ ಬಲಗಣ್ಣು ಎಂದುಬಿಟ್ಟ. ರೋಸಾನ್ ತಡೆದುಕೊಂಡಳು. ಕ್ಯಾಸಿಮಿರರೇ ಕೈ ಎತ್ತಿ ಅವನನ್ನು ನಿಲ್ಲಿಸಿ, ಯಾವ ಕಣ್ಣು ಎಂದು ಮತ್ತೆ ಕೇಳಿ ತಿಳಿದುಕೊಂಡರು. ಅವಳು ಅಪ್ಪನ ಮೇಲಂಗಿಯನ್ನು ಮಡಿಲಲ್ಲಿಟ್ಟುಕೊಂಡು, ಎಲ್ಲರ ಮನೆಯ ಮಕ್ಕಳಂತೆ ಸುಮ್ಮನೆ ಕೂತಿದ್ದಳು.

ಹೊರಗೆ ಬಂದ ಮೇಲೆ ಕ್ಯಾಸಿಮಿರ್ ಹೇಳಿದರು: “ಹುಡುಗನ ಕೈ ಪರವಾಗಿಲ್ಲ. ಮುಖ ಮಾತ್ರ ಮರದ ಕೊರಡು, ಅರ್ಧ ಮಾತು ಅಲ್ಲೇ ನುಂಗಿಬಿಡ್ತಾನೆ.”

“ಕಣ್ಣಿಗೆ ಹನಿ ಹಾಕಿದಾರೆ. ಕಾರಿನ ಕೀ ಕೊಡಪ್ಪ” ಎಂದಳು ರೋಸಾನ್.